ಹನಿ ನೀರಾವರಿ ಕಿಟ್: ಮೂರು ವರ್ಷ ಬಳಸಿದ ಮೇಲೆ

ಕೆಲವು ತಿಂಗಳ ಹಿಂದೆ ನನ್ನ ದಾಸವಾಳ ಒಣಗಿ ಹೋಯಿತು. ಎಂಟು ವರ್ಷದ ಗಿಡ ಅದು. ಟೈಮರ್ ದಿನಾ ಬೆಳಿಗ್ಗೆ ಸರಿಯಾದ ಹೊತ್ತಿಗೆ ಆನ್ ಆಗುತ್ತಿತ್ತು, ನೀರು ಹರಿಯುವ ಸದ್ದೂ ಕೇಳುತ್ತಿತ್ತು, ಅಕ್ಕಪಕ್ಕದ ಕುಂಡಗಳು ಒದ್ದೆಯಾಗೇ ಇದ್ದವು. ಇದೊಂದು ಕುಂಡಕ್ಕೆ ಮಾತ್ರ ಎಷ್ಟೋ ದಿನದಿಂದ ನೀರೇ ಬಿದ್ದಿರಲಿಲ್ಲ. ಎಲೆ ಬಾಡಿದ್ದನ್ನು ನಾನು ಬಿಸಿಲಿನ ಝಳ ಅಂದುಕೊಂಡೆ.

ಬುಡದಲ್ಲಿದ್ದ, ನೀರನ್ನು ಹನಿ ಹನಿಯಾಗಿ ಬಿಡುವ ಡ್ರಿಪ್ಪರ್ ಕಿತ್ತು ಅಂಗೈ ಮೇಲೆ ಇಟ್ಟುಕೊಂಡು ಬಿಚ್ಚಿದೆ. ಒಳಗೆ ನೀರು ಸುತ್ತಿ ಸುತ್ತಿ ಬರಲು ಕೂದಲೆಳೆಯಷ್ಟು ಸಣ್ಣ ಕಾಲುವೆ ಇರುತ್ತದೆ. ಅದರ ತುಂಬ ಬಿಳಿ ಹೆಪ್ಪು. ಉಗುರಿನಿಂದ ಕೆರೆದರೆ ಸುಣ್ಣದ ಪುಡಿಯ ಹಾಗೆ ಉದುರಿತು. ಅದರ ಹಿಂದೆ ಹಸಿರು ಪಾಚಿಯ ಒಂದು ಎಳೆ, ಮೂರ್ನಾಲ್ಕು ಮರಳಿನ ಕಣ. ಇಷ್ಟು ಸಾಕಾಯಿತು ಒಂದು ಗಿಡ ಸಾಯಲು.

ಕಿಟ್ ಕೊಂಡಾಗ ಫಿಲ್ಟರ್ ಬೇರೆಯಾಗಿ ಕೊಳ್ಳಬೇಕಿತ್ತು. ಬಜೆಟ್ ಬಿಗಿಯಿತ್ತು. ಟೈಮರ್‌ಗೇ ಜಾಸ್ತಿ ಖರ್ಚಾಗಿತ್ತು, ಫಿಲ್ಟರ್ ಆಮೇಲೆ ನೋಡೋಣ ಅಂತ ಬಿಟ್ಟೆ. ನನ್ನ ಮೂರು ವರ್ಷದ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದು ತೀರ್ಮಾನದಿಂದಲೇ ಬಂದವು. ಬೋರ್‌ವೆಲ್ ನೀರಾಗಲಿ, ಟ್ಯಾಂಕ್ ನೀರಾಗಲಿ, ಡ್ರಿಪ್ಪರ್‌ಗೆ ಹೋಗುವ ಮೊದಲು 120 ಮೆಶ್‌ನ (ಒಂದು ಇಂಚಿನಲ್ಲಿ 120 ಕಣ್ಣುಗಳಿರುವ) ಜಾಲರಿ ದಾಟಲೇಬೇಕು. ಟೈಮರ್ ಇಲ್ಲದೆ ಕೈಯಲ್ಲಿ ನಲ್ಲಿ ತಿರುಗಿಸಿ ಬದುಕಬಹುದು, ಫಿಲ್ಟರ್ ಇಲ್ಲದೆ ಆಗುವುದಿಲ್ಲ. ಹಾಗಂತ ಫಿಲ್ಟರ್ ಹಾಕಿದರೆ ಎಲ್ಲ ಮುಗಿಯಿತು ಅಂತಲ್ಲ. ಅದು ಮರಳು, ಕಸ ತಡೆಯುತ್ತದೆ. ಗಡಸು ನೀರಿನ ಸುಣ್ಣ ನೀರಲ್ಲೇ ಕರಗಿರುವುದರಿಂದ ಜಾಲರಿ ದಾಟಿ ಬರುತ್ತದೆ, ಡ್ರಿಪ್ಪರ್ ತುದಿಯಲ್ಲಿ ಹನಿ ಒಣಗಿದಾಗಲೆಲ್ಲ ಚೂರು ಚೂರೇ ಕೂರುತ್ತದೆ. ಅದಕ್ಕೆ ಡ್ರಿಪ್ಪರ್‌ಗಳನ್ನು ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಚೆನ್ನಾಗಿ ತೊಳೆದು ವಾಪಸ್ ಹಾಕಬೇಕು. ನಾನೀಗ ಮೂರು ತಿಂಗಳಿಗೊಮ್ಮೆ ಮಾಡುತ್ತೇನೆ.

ಪಾಚಿಯ ಕಥೆ ಬೇರೆ. ಒಂದು ಕಡೆ ಪೈಪ್ ಸಾಲದೆ ಮನೆಯಲ್ಲಿದ್ದ ಪಾರದರ್ಶಕ ಟ್ಯೂಬ್ ಜೋಡಿಸಿದ್ದೆ. ಬೆಳಕು ಒಳಗೆ ಹೋದರೆ ಪಾಚಿ ಬೆಳೆಯುತ್ತದೆ, ಡ್ರಿಪ್ ಪೈಪ್ ಕಪ್ಪಗಿರುವುದಕ್ಕೆ ಅದೂ ಒಂದು ಕಾರಣ. ಆ ಎರಡು ಮೀಟರ್ ಟ್ಯೂಬ್‌ನಿಂದ ಬಂದ ಪಾಚಿ ಮುಂದಿನ ಐದಾರು ಕುಂಡಗಳಿಗೆ ಹರಡಿತ್ತು.

ಇನ್ನೊಂದು, ಒತ್ತಡ. ಡಬ್ಬದ ಮೇಲೆ ಗಂಟೆಗೆ 4 ಲೀಟರ್ ಅಂತ ಬರೆದಿರುತ್ತಾರೆ, ಅದು ಸುಮಾರು 1 ಬಾರ್ ಒತ್ತಡದ ಲೆಕ್ಕ. ಅಷ್ಟು ಒತ್ತಡ ಬರೀ ಟ್ಯಾಂಕ್‌ನ ಎತ್ತರದಿಂದ ಬರಬೇಕಾದರೆ ಟ್ಯಾಂಕ್ 10 ಮೀಟರ್ ಮೇಲಿರಬೇಕು. ನನ್ನದು ಕುಂಡಗಳಿಗಿಂತ ಬರೀ 2 ಮೀಟರ್ ಎತ್ತರ. ಸಾಮಾನ್ಯ ಡ್ರಿಪ್ಪರ್‌ಗಳಲ್ಲಿ ಅಷ್ಟಕ್ಕೆ ಅರ್ಧವೂ ಬರುವುದಿಲ್ಲ. ಮೊದಲು ಕೊಂಡ ಟೈಮರ್ ಸೊಲೆನಾಯ್ಡ್ ವಾಲ್ವ್‌ನದು, ಅಂದರೆ ವಿದ್ಯುತ್ ಅಯಸ್ಕಾಂತದಿಂದ ತೆರೆಯುವಂಥದ್ದು, ಅದಕ್ಕೆ ನೀರಿನ ಒತ್ತಡದ ಸಹಾಯವೂ ಬೇಕು. ಈ ಒತ್ತಡಕ್ಕೆ ಅದು ಸರಿಯಾಗಿ ತೆರೆಯುತ್ತಲೇ ಇರಲಿಲ್ಲ. ಟೈಮರ್ ಕೆಟ್ಟಿದೆ ಅಂತ ಬೈದು ಮೂಲೆಗಿಟ್ಟೆ, ಪಾಪ ಅದರದ್ದೇನೂ ತಪ್ಪಿರಲಿಲ್ಲ. ಟ್ಯಾಂಕ್ ನೀರಿಗೆ ಬಾಲ್ ವಾಲ್ವ್ (ಮೋಟಾರ್ ತಿರುಗಿಸುವ, ತೂತಿರುವ ಗುಂಡು) ಇರುವ ಟೈಮರ್ ಬೇಕು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಒಂದು ಟೈಮರ್‌ನ ದುಡ್ಡು ಉಳಿಯುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಒಂದು ಭಾನುವಾರ ಇಡೀ ಕಿಟ್ ಕಿತ್ತು ಕೊಟ್ಟುಬಿಡೋಣ ಅಂತ ಕೂತಿದ್ದೆ. ಅದಕ್ಕೂ ಮೊದಲು ಯಾವ ಡ್ರಿಪ್ಪರ್ ಎಷ್ಟು ಕೊಡುತ್ತಿದೆ, ಒಂದು ಸಲ ನೋಡೇಬಿಡೋಣ ಅನ್ನಿಸಿತು. ಒಂದೇ ಅಳತೆಯ ಲೋಟಗಳನ್ನು ಡ್ರಿಪ್ಪರ್‌ಗಳ ಕೆಳಗೆ ಇಟ್ಟು 15 ನಿಮಿಷ ಬಿಟ್ಟೆ. ಟ್ಯಾಂಕ್ ಹತ್ತಿರದ ಲೋಟಗಳಲ್ಲಿ 400 ಮಿಲಿಲೀಟರ್ ದಾಟಿತ್ತು. ಕೊನೆಯ ಸಾಲಿನಲ್ಲಿ ಅದರ ಅರ್ಧ. ಎರಡರಲ್ಲಿ ತಳ ಒದ್ದೆಯಾಗಿತ್ತು, ಅಷ್ಟೇ.

ಆ ಲೋಟಗಳನ್ನು ನೋಡುತ್ತಾ ನನ್ನ ಸಿಟ್ಟು ಇಳಿಯಿತು. ಇಷ್ಟು ದಿನ ಕಿಟ್ ಇದೆ ಅಂತ ನಾನು ಕುಂಡಗಳ ಹತ್ತಿರ ಹೋಗುವುದನ್ನೇ ಬಿಟ್ಟಿದ್ದೆ. ಅವತ್ತು ಒಂದೊಂದರ ಮುಂದೆಯೂ ಕೂತೆ. ಗುಲಾಬಿಗೆ ಹೊಸ ಚಿಗುರು ಬಂದಿತ್ತು, ಕೆಂಪಗೆ, ಮುಟ್ಟಿದರೆ ಮೆತ್ತಗೆ. ಮೆಣಸಿನ ಗಿಡದ ಎಲೆ ತಿರುಗಿಸಿದರೆ ಕೆಳಗೆ ಬಿಳಿ ನೊಣಗಳು. ಲೋಳೆಸರದ ಕುಂಡದಲ್ಲಿ ಬೆರಳು ಇಟ್ಟರೆ ಮಣ್ಣು ಕೆಸರಿನ ಹಾಗಿತ್ತು. ಅದಕ್ಕೂ ಟೊಮೆಟೊಗೂ ಒಂದೇ ಸಾಲಿನಿಂದ ನೀರು ಕೊಟ್ಟಿದ್ದು ನಾನೇ ಅಲ್ವಾ. ಜಾಸ್ತಿ ನೀರು ಕುಡಿಯುವ ಗಿಡಗಳು ಒಂದು ಸಾಲು, ಕಡಿಮೆ ಕುಡಿಯುವವು ಇನ್ನೊಂದು ಸಾಲು ಅಂತ ಮೊದಲ ದಿನವೇ ಜೋಡಿಸಬೇಕಿತ್ತು. ಪೈಪ್ ಕತ್ತರಿಸುವ ಮೊದಲು ಕುಂಡಗಳ ಜಾಗ ಗೊತ್ತು ಮಾಡಿಕೊಳ್ಳಿ.

ಈಗ ಭಾನುವಾರ ಬೆಳಿಗ್ಗೆ ಇದೇ ನನ್ನ ಕೆಲಸ. ಮೊದಲು, ಕೊನೆಗೂ ಕೊಂಡು ಹಾಕಿದ ಫಿಲ್ಟರ್ ಬಿಚ್ಚಿ ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕುತ್ತೇನೆ. ಆಮೇಲೆ ಮುಖ್ಯ ಪೈಪ್‌ನ ಕೊನೆಯ ಮುಚ್ಚಳ ತೆಗೆದು ನೀರು ಬಿಡುತ್ತೇನೆ. ಮೊದಲು ಕಂದು ಬಣ್ಣದ ನೀರು ಬರುತ್ತದೆ, ಒಂದು ನಿಮಿಷದಲ್ಲಿ ತಿಳಿಯಾಗುತ್ತದೆ. ಆಮೇಲೆ ಮುಚ್ಚಳ ಹಾಕಿ, ಸುಮ್ನೆ ಕೂತು ಕೇಳುತ್ತೇನೆ. ಮೊದಲು ಗಾಳಿ ಹೊರಹೋಗುವ ಸಣ್ಣ ಸುಸ್ ಸದ್ದು, ಆಮೇಲೆ ಒಂದು ಕಡೆ ಟಪ್, ಇನ್ನೊಂದು ಕಡೆ ಟಪ್, ನಿಧಾನಕ್ಕೆ ಇಡೀ ತಾರಸಿ ತುಂಬ. ಒಂದು ಕುಂಡ ಸದ್ದು ಮಾಡದಿದ್ದರೂ ಈಗ ಕಿವಿಗೆ ಗೊತ್ತಾಗುತ್ತದೆ. ವಾರದಲ್ಲಿ ಈ ಅರ್ಧ ಗಂಟೆ ನನಗೆ ತುಂಬ ಇಷ್ಟ.

ತೆಂಗಿನ ನಾರಿನ ಪುಡಿ ಬಳಸುವವರಿಗೆ ಒಂದು ಮಾತು. ಅದು ಪೂರ್ತಿ ಒಣಗಿದರೆ ಮಣ್ಣು ಕುಗ್ಗಿ ಕುಂಡದ ಅಂಚು ಬಿಟ್ಟುಕೊಳ್ಳುತ್ತದೆ. ಆಗ ಹನಿ ನೀರು ಅಂಚಿನಿಂದಲೇ ಇಳಿದು ತಳದ ತೂತಿನಿಂದ ಹೋಗಿಬಿಡುತ್ತದೆ, ಬೇರಿಗೆ ತಲುಪುವುದಿಲ್ಲ. ಅಂಥ ಕುಂಡವನ್ನು ಒಮ್ಮೆ ಬಕೆಟ್ ನೀರಲ್ಲಿ ಕೂರಿಸಿ ನೆನೆಸಿ, ಆಮೇಲೆ ಡ್ರಿಪ್ ಕೊಡಿ. ಪೈಪ್ ಜೋಡಿಸುವಾಗ ತುದಿಯನ್ನು ಬಿಸಿನೀರಲ್ಲಿ ಅದ್ದಿದರೆ ಮೆತ್ತಗಾಗಿ ಸುಲಭವಾಗಿ ಕೂರುತ್ತದೆ. ಇದು ಗೊತ್ತಾಗುವ ಹೊತ್ತಿಗೆ ನನ್ನ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು.

ಇವತ್ತು ಹೊಸದಾಗಿ ಕೊಳ್ಳುವುದಾದರೆ ಇದೇ ಕಿಟ್ ಕೊಳ್ಳುತ್ತೇನೆ. ಆದರೆ ದುಬಾರಿ ಟೈಮರ್ ಬಿಟ್ಟು ಒಳ್ಳೆಯ ಫಿಲ್ಟರ್ ತೆಗೆದುಕೊಳ್ಳುತ್ತೇನೆ, ಹತ್ತು ಡ್ರಿಪ್ಪರ್ ಜಾಸ್ತಿ ತರುತ್ತೇನೆ. ಊರಿಗೆ ಹೋಗುವ ಹಿಂದಿನ ದಿನ ಲೋಟ ಇಟ್ಟು ಅಳೆಯದೆ ಹೊರಡುವುದಿಲ್ಲ.

5ಕ್ಕೆ 3.5 ಕೊಡುತ್ತೇನೆ. ಫಿಲ್ಟರ್ ಡಬ್ಬದ ಒಳಗೇ ಬಂದಿದ್ದರೆ ದಾಸವಾಳ ಇನ್ನೂ ಇರುತ್ತಿತ್ತೇನೋ, ನಾನು 4.5 ಕೊಡುತ್ತಿದ್ದೆ.