ಗಿಟ್ ಎಲ್‌ಎಫ್‌ಎಸ್: ನಾಲ್ಕು ವರ್ಷ ಬಳಸಿದ ಮೇಲೆ

ನಾವು ಐದು ಜನ ಸೇರಿ ಗೇಮ್ ಮಾಡುತ್ತೇವೆ. ಕೋಡ್, ಪಿಎಸ್‌ಡಿ (ಫೋಟೋಶಾಪ್ ಚಿತ್ರದ ಫೈಲ್), ತ್ರೀಡಿ ಮಾಡೆಲ್, ಆಡಿಯೋ ಎಲ್ಲವೂ ಒಂದೇ ರೆಪೊದಲ್ಲಿ, ಅಂದರೆ ಫೈಲ್‌ಗಳೂ ಅವುಗಳ ಇತಿಹಾಸವೂ ಇರುವ ಸಂಗ್ರಹದಲ್ಲಿ. ಮೊದಮೊದಲು ಎಲ್ಲವನ್ನೂ ಹಾಗ್ಹಾಗೇ ಗಿಟ್‌ಗೆ (ಫೈಲ್‌ಗಳ ಪ್ರತಿ ಬದಲಾವಣೆಯನ್ನೂ ಇಟ್ಟುಕೊಳ್ಳುವ ಸಾಫ್ಟ್‌ವೇರ್) ಕಮಿಟ್ ಮಾಡುತ್ತಿದ್ದೆವು, ಅಂದರೆ ದಾಖಲಿಸುತ್ತಿದ್ದೆವು. ಒಂದೂವರೆ ವರ್ಷದಲ್ಲಿ ರೆಪೊ 11 ಜಿಬಿ ಆಯಿತು. ಕ್ಲೋನ್ (ರೆಪೊದ ಪೂರ್ತಿ ನಕಲು ಇಳಿಸಿಕೊಳ್ಳುವುದು) ಕೊಟ್ಟು ಊಟ ಮುಗಿಸಿ ಬಂದರೂ ಅದು ಇನ್ನೂ ಇಳಿಯುತ್ತಲೇ ಇರುತ್ತಿತ್ತು. ಆಗ ಗಿಟ್ ಎಲ್‌ಎಫ್‌ಎಸ್‌ಗೆ (ಲಾರ್ಜ್ ಫೈಲ್ ಸ್ಟೋರೇಜ್, ದೊಡ್ಡ ಫೈಲ್‌ಗಳಿಗಾಗಿ ಗಿಟ್ ಜೊತೆ ಬಳಸುವ ಸಾಧನ) ಬಂದೆವು.

ತಪ್ಪು ಗಿಟ್‌ನದ್ದಲ್ಲ. ಅದು 2005ರಲ್ಲಿ ಹುಟ್ಟಿದ್ದು ಲಿನಕ್ಸ್ ಕರ್ನಲ್‌ನ ಕೋಡ್ ನೋಡಿಕೊಳ್ಳಲು. ಒಂದೆರಡು ಸಾಲು ಬದಲಾಗುವ ಫೈಲ್‌ಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಮೊದಲೇ ಕಂಪ್ರೆಸ್ ಆದ ಚಿತ್ರ, ವಿಡಿಯೋಗಳಲ್ಲಿ ಚೂರು ಬದಲಾದರೂ ಫೈಲ್ ಬಹುಪಾಲು ಹೊಸದೇ ಆಗಿಬಿಡುತ್ತದೆ. ಪ್ರತಿ ಸಲ ಹೆಚ್ಚುಕಡಿಮೆ ಪೂರ್ತಿ ಫೈಲ್ ಮತ್ತೆ ಜಮೆ. ಕ್ಲೋನ್ ಮಾಡಿದವರಿಗೆಲ್ಲ ಆ ಹಳೆಯ ಪ್ರತಿಗಳೂ ಬರುತ್ತವೆ, ಬೇಕೋ ಬೇಡವೋ.

2015ರಲ್ಲಿ ಗಿಟ್‌ಹಬ್‌ನವರು (ಗಿಟ್ ರೆಪೊಗಳನ್ನು ಇಡುವ ಸೇವೆ) ತಂದ ಎಲ್‌ಎಫ್‌ಎಸ್ ಮಾಡುವುದು ಇಷ್ಟೇ: ದೊಡ್ಡ ಫೈಲ್‌ನ ಜಾಗದಲ್ಲಿ ಗಿಟ್‌ನೊಳಗೆ ನಿಜವಾದ ಫೈಲ್ ಯಾವುದು ಅಂತ ಹೇಳುವ ಒಂದು ಪುಟ್ಟ ಪಾಯಿಂಟರ್ ಫೈಲ್ ಇಡುತ್ತದೆ. ನಿಜವಾದ ಫೈಲ್ ಸರ್ವರ್‌ನಲ್ಲಿ ಬೇರೆ ಕಡೆ ಇರುತ್ತದೆ. ನಾವು ಚೆಕ್‌ಔಟ್ ಮಾಡಿದಾಗ, ಅಂದರೆ ಒಂದು ಆವೃತ್ತಿಯನ್ನು ಕೆಲಸಕ್ಕೆ ತೆಗೆದುಕೊಂಡಾಗ, ಆ ಪ್ರತಿ ಮಾತ್ರ ಇಳಿದು ಬರುತ್ತದೆ.

ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಒಂದು ತಾಪತ್ರಯದಿಂದ. ಹೊಸದಾಗಿ ಸೇರಿದ ಕಲಾವಿದೆ ಮೊದಲ ವಾರವೇ ಫೋನ್ ಮಾಡಿ, "ಫೈಲ್ ಎಲ್ಲಾ ಕೆಟ್ಟುಹೋಗಿದೆ, ಒಂದೂ ಓಪನ್ ಆಗ್ತಿಲ್ಲ" ಎಂದರು. ಧ್ವನಿಯಲ್ಲಿ ಗಾಬರಿ ಇತ್ತು. ಹೋಗಿ ನೋಡಿದೆ. 180 ಎಂಬಿ ಇರಬೇಕಾದ ಪಿಎಸ್‌ಡಿ 134 ಬೈಟ್ ತೋರಿಸುತ್ತಿತ್ತು! ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದರೆ ಮೂರೇ ಸಾಲು: ಆವೃತ್ತಿ, ಎಸ್‌ಎಚ್‌ಎ-256 ಹ್ಯಾಶ್ (ಫೈಲ್‌ನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು), ಸೈಜ್. ಅವರ ಕಂಪ್ಯೂಟರ್‌ನಲ್ಲಿ ಎಲ್‌ಎಫ್‌ಎಸ್ ಹಾಕಿರಲೇ ಇಲ್ಲ, ಅದಕ್ಕೆ ಬರೀ ಪಾಯಿಂಟರ್‌ಗಳು ಬಂದಿದ್ದವು. ಎಲ್‌ಎಫ್‌ಎಸ್ ಹಾಕಿ, 'ಗಿಟ್ ಎಲ್‌ಎಫ್‌ಎಸ್ ಇನ್‌ಸ್ಟಾಲ್' ಕೊಟ್ಟು, ಆಮೇಲೆ 'ಗಿಟ್ ಎಲ್‌ಎಫ್‌ಎಸ್ ಪುಲ್' ಕೊಟ್ಟೆ. ಚಿತ್ರಗಳು ಒಂದೊಂದಾಗಿ ಬಂದವು. ನೀವೂ ಎಂದಾದರೂ ನೂರು ಚಿಲ್ಲರೆ ಬೈಟ್‌ನ ಪಿಎಸ್‌ಡಿ ಕಂಡರೆ ಹೆದರಬೇಡಿ. ಏನೂ ಕಳೆದುಹೋಗಿಲ್ಲ.

ನಿಜವಾಗಿ ಕಷ್ಟಪಟ್ಟಿದ್ದು ಹಳೆಯ ರೆಪೊ ಬದಲಿಸುವಾಗ. ಯಾವ ಫೈಲ್‌ಗಳನ್ನು ಎಲ್‌ಎಫ್‌ಎಸ್ ನೋಡಿಕೊಳ್ಳಬೇಕು ಅಂತ ಹೇಳುವ 'ಟ್ರ್ಯಾಕ್' ಕಮಾಂಡ್ ಇನ್ನು ಮುಂದೆ ಬರುವ ಕಮಿಟ್‌ಗಳಿಗೆ ಮಾತ್ರ ಅನ್ವಯ. ಇತಿಹಾಸದಲ್ಲಿ ಕೂತಿರುವ ಭಾರ ಹಾಗೇ ಇರುತ್ತದೆ. ಅದನ್ನು ತೆಗೆಯಲು 'ಮೈಗ್ರೇಟ್ ಇಂಪೋರ್ಟ್' ಬೇಕು. ಅದು ಇತಿಹಾಸವನ್ನೇ ಹೊಸದಾಗಿ ಬರೆಯುತ್ತದೆ, ಕಮಿಟ್ ಹ್ಯಾಶ್‌ಗಳು ಬದಲಾಗುತ್ತವೆ. ಎಲ್ಲರೂ ಹೊಸದಾಗಿ ಕ್ಲೋನ್ ಮಾಡಬೇಕು ಅಂತ ಹೇಳಿದ್ದೆವು. ಒಬ್ಬರು ಮರೆತು ಹಳೆಯ ಬ್ರಾಂಚ್ (ಪ್ರತ್ಯೇಕವಾಗಿ ಮಾಡುವ ಕೆಲಸದ ಕವಲು) ಮರ್ಜ್ ಮಾಡಿ (ಮುಖ್ಯ ಕೆಲಸಕ್ಕೆ ಕೂಡಿಸಿ) ಪುಶ್ ಮಾಡಿದರು, ಅಂದರೆ ಸರ್ವರ್‌ಗೆ ಕಳಿಸಿದರು. ಹಳೆಯ 11 ಜಿಬಿ ಪೂರ್ತಿ ವಾಪಸ್ ಬಂತು. ಸರಿಮಾಡಲು ಎರಡು ದಿನ ಹಿಡಿಯಿತು. ನಿಮಗೂ ಈ ಕೆಲಸ ಇದ್ದರೆ ಎಲ್ಲರ ಬ್ರಾಂಚ್‌ಗಳೂ ಮರ್ಜ್ ಆದ ಮೇಲೆಯೇ ಶುರುಮಾಡಿ. ಹಳೆಯ ಫೋಲ್ಡರ್‌ಗಳನ್ನು ಅಳಿಸಿದ್ದಾರಾ ಅಂತ ಒಬ್ಬೊಬ್ಬರನ್ನೂ ಕೇಳಿ.

ಎಲ್‌ಎಫ್‌ಎಸ್ ಜಾಗ ಉಳಿಸುತ್ತದೆ ಅನ್ನುವ ತಪ್ಪು ತಿಳುವಳಿಕೆ ಬಹಳ ಜನರಲ್ಲಿದೆ. ನಿಜದಲ್ಲಿ ಅದು ಜಾಗ ಉಳಿಸುವುದಿಲ್ಲ, ಫೈಲ್ ಇರುವ ಜಾಗ ಬದಲಿಸುತ್ತದೆ. 200 ಎಂಬಿ ಫೈಲ್ ಹತ್ತು ಸಲ ಬದಲಾದರೆ ಸರ್ವರ್‌ನಲ್ಲಿ 2 ಜಿಬಿಗೂ ಹೆಚ್ಚು, ಅಷ್ಟೂ ಲೆಕ್ಕಕ್ಕೆ ಬರುತ್ತದೆ. ಇಳಿಸಿಕೊಳ್ಳುವುದಕ್ಕೂ ಹಲವು ಹೋಸ್ಟಿಂಗ್ ಸೇವೆಗಳಲ್ಲಿ ಮಿತಿ ಇರುತ್ತದೆ. ನಮ್ಮ ಬಿಲ್ಡ್ ಸರ್ವರ್ (ಗೇಮ್ ಅನ್ನು ತಾನಾಗಿಯೇ ತಯಾರಿಸಿ ಪರೀಕ್ಷಿಸುವ ಕಂಪ್ಯೂಟರ್) ಪ್ರತಿ ಸಲ ಹೊಸದಾಗಿ ಕ್ಲೋನ್ ಮಾಡುತ್ತಿತ್ತು. ತಿಂಗಳ ಮಧ್ಯದಲ್ಲೇ ಕೋಟಾ ಮುಗಿದು, ಒಂದು ಶುಕ್ರವಾರ ಸಂಜೆ ಯಾರಿಗೂ ಪುಲ್ ಆಗಲಿಲ್ಲ. ಈಗ ಎಲ್‌ಎಫ್‌ಎಸ್ ಫೋಲ್ಡರನ್ನು ಕ್ಯಾಶ್ ಮಾಡುತ್ತೇವೆ, ಅಂದರೆ ಒಮ್ಮೆ ಇಳಿಸಿದ್ದನ್ನು ಇಟ್ಟುಕೊಂಡು ಮತ್ತೆ ಬಳಸುತ್ತೇವೆ. ಬರೀ ಕೋಡ್ ಪರೀಕ್ಷಿಸುವ ಕೆಲಸಗಳಿಗೆ 'ಸ್ಕಿಪ್ ಸ್ಮಜ್' ಸೆಟ್ಟಿಂಗ್ ಹಾಕಿದ್ದೇವೆ, ದೊಡ್ಡ ಫೈಲ್ ಇಳಿಯುವುದೇ ಇಲ್ಲ. ಆಮೇಲೆ ಕೋಟಾ ಮುಗಿದಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಲಾಕ್. ಒಂದೇ ಪಿಎಸ್‌ಡಿಯನ್ನು ಇಬ್ಬರು ತಿದ್ದಿದರೆ ಮರ್ಜ್ ಮಾಡಲು ಆಗುವುದಿಲ್ಲ, ಒಬ್ಬರ ಕೆಲಸ ಹೋದ ಹಾಗೇ. ಮೊದಲು "ಇದನ್ನು ನಾನು ತಗೊಂಡಿದ್ದೀನಿ" ಅಂತ ಚಾಟ್‌ನಲ್ಲಿ ಬರೆದುಕೊಳ್ಳುತ್ತಿದ್ದೆವು. ಯಾರಾದರೂ ನೋಡದಿದ್ದರೆ ಮುಗೀತು. ಈಗ ಪಿಎಸ್‌ಡಿಗಳನ್ನು 'ಲಾಕಬಲ್' ಮಾಡಿದ್ದೇವೆ. ಲಾಕ್ ತೆಗೆದುಕೊಳ್ಳುವವರೆಗೆ ಫೈಲ್ ರೀಡ್-ಓನ್ಲಿ ಆಗಿರುತ್ತದೆ. ಇದು ಬಂದ ಮೇಲೆ ಒಂದೇ ಒಂದು ಚಿತ್ರವೂ ಹಾಳಾಗಿಲ್ಲ. ಅನ್‌ಲಾಕ್ ಮಾಡದೆ ರಜೆಗೆ ಹೋದವರು ಮಾತ್ರ ಇದ್ದಾರೆ. ಅವರ ಲಾಕ್ ಬಿಡಿಸಲು 'ಫೋರ್ಸ್' ಆಯ್ಕೆ ಇದೆ.

ಡಿಸ್ಕ್ ಬಗ್ಗೆಯೂ ಹೇಳಬೇಕು. ಪ್ರತಿ ದೊಡ್ಡ ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲಿ ಎರಡು ಕಡೆ ಇರುತ್ತದೆ, ಕೆಲಸದ ಫೋಲ್ಡರ್‌ನಲ್ಲಿ ಒಂದು, ಗಿಟ್ ಫೋಲ್ಡರ್ ಒಳಗೆ ಇನ್ನೊಂದು. ಆಗಾಗ ಹಳೆಯ ಪ್ರತಿಗಳನ್ನು ಅಳಿಸುವ 'ಪ್ರೂನ್' ಕೊಡಿ. ಪುಶ್ ಆಗದ ಫೈಲ್‌ಗಳನ್ನು ಅದು ಮುಟ್ಟುವುದಿಲ್ಲ.

ನಾಲ್ಕಾರು ಸಣ್ಣ ಐಕಾನ್‌ಗಳಿರುವ ಪ್ರಾಜೆಕ್ಟ್‌ಗೆ ಸುಮ್ನೆ ಇದನ್ನು ಹಾಕಬೇಡಿ, ಗಿಟ್ ಒಂದೇ ಸಾಕು. ದೊಡ್ಡ ಫೈಲ್‌ಗಳು ಬಂದೇ ಬರುತ್ತವೆ ಅಂತ ಗೊತ್ತಿದ್ದರೆ ಮೊದಲ ದಿನವೇ ಹಾಕಿ. ಕಳೆದ ತಿಂಗಳು ಹೊಸ ಗೇಮ್ ಶುರುಮಾಡಿದೆವು. ಅದರ ಮೊದಲ ಕಮಿಟ್‌ನಲ್ಲಿ ಇರುವುದು ಒಂದೇ ಫೈಲ್, ಗಿಟ್‌ಆಟ್ರಿಬ್ಯೂಟ್ಸ್, ಯಾವ ಫೈಲ್‌ಗಳು ಎಲ್‌ಎಫ್‌ಎಸ್‌ಗೆ ಹೋಗಬೇಕು ಅಂತ ಬರೆದಿರುವುದು. ಒಂದು ಚಿತ್ರವೂ ಸೇರುವ ಮುಂಚೆ ಅದನ್ನು ಪುಶ್ ಮಾಡಿದೆವು.