ಸೂಪರ್ ಮಾರ್ಕೆಟ್‌ನ ‘ತ್ರಿಕೋನ–ಚೌಕ’ ಪಝಲ್: ಕಟಿಂಗ್ ಚೆಂದ, ನಕ್ಷೆ ತಪ್ಪು

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ನಾಮಫಲಕ, ಟ್ರೋಫಿ ಮಾಡಿಕೊಡುವ ಲೇಸರ್ ಅಂಗಡಿಯೊಂದರ ಸೆಟ್ ಇದು. ಮರದ ನಾರು ಒತ್ತಿ ಮಾಡಿದ 5 ಮಿ.ಮೀ. ಎಂಡಿಎಫ್ ಹಲಗೆಯ ನಾಲ್ಕು ತುಂಡು, ಮೂರು ಕೀಲು. ಒಂದು ಕಡೆ ತಿರುಗಿಸಿದರೆ 20 ಸೆಂ.ಮೀ. ಬಾಹುವಿನ ಸಮಬಾಹು ತ್ರಿಕೋನ, ಇನ್ನೊಂದು ಕಡೆ ತಿರುಗಿಸಿದರೆ ಚೌಕ. ಇದೇ ಪಝಲನ್ನು ಇಂಗ್ಲೆಂಡಿನ ಪಝಲ್ ರಚನೆಕಾರ ಹೆನ್ರಿ ಡುಡೆನಿ ಮಹಾಗನಿ ಮರದಲ್ಲಿ, ಹಿತ್ತಾಳೆ ಕೀಲು ಹಾಕಿಸಿ, 1905ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ತೋರಿಸಿದ್ದರು.

ಕಟಿಂಗ್‌ಗೆ ಪೂರ್ತಿ ಅಂಕ. ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಮೇಲಿಟ್ಟರೆ ಯಾವ ತುಂಡೂ ಅಲ್ಲಾಡುವುದಿಲ್ಲ. ಸುಟ್ಟ ಅಂಚಿನ ಮಸಿ ಬೆರಳಿಗೆ ಹತ್ತುತ್ತದೆ. ಒಣಬಟ್ಟೆಯಿಂದ ಒರೆಸಿ, ನೀರು ತಾಗಿಸಬೇಡಿ, ಎಂಡಿಎಫ್ ಉಬ್ಬುತ್ತದೆ.

ತೊಂದರೆ ಇರುವುದು ನಕ್ಷೆಯಲ್ಲಿ. ಚೌಕ ಎಂದು ಕೊಟ್ಟಿರುವುದು ಆಯತ. ಒಂದು ಬಾಹು 132.3 ಮಿ.ಮೀ., ಪಕ್ಕದ್ದು 130.9, ಎರಡೂ 131.6 ಇರಬೇಕು. ತ್ರಿಕೋನದ ತಳವನ್ನು 50, 100, 50 ಮಿ.ಮೀ. ಎಂದು ಪಾಲು ಮಾಡಿದ್ದೇ ಇದಕ್ಕೆ ಕಾರಣ. ಸರಿಯಾದ ಪಾಲು 50.9, 100, 49.1. ತಳದಲ್ಲಿ ಒಂದು ಮಿ.ಮೀ. ಕೂಡ ಇಲ್ಲದ ತಪ್ಪು ಬಾಹುಗಳಲ್ಲಿ 1.4 ಮಿ.ಮೀ. ವ್ಯತ್ಯಾಸ ತರುತ್ತದೆ. ಕರ್ಣ ಅಳೆದರೆ ಇದು ಸಿಕ್ಕಿಬೀಳುವುದಿಲ್ಲ: ಮೂಲೆಗಳೆಲ್ಲ 90 ಡಿಗ್ರಿಯೇ ಇವೆ, ಆಯತಕ್ಕೂ ಎರಡು ಕರ್ಣ ಸಮ. ಪಕ್ಕಪಕ್ಕದ ಬಾಹುಗಳನ್ನೇ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಬೇಕು.

ಸರಿಯಾದ ನಕ್ಷೆ ಕಷ್ಟದ್ದೇನಲ್ಲ. ಎಸಿ ತಳ, ಬಿ ಮೇಲಿನ ತುದಿ. ಎಬಿಯ ನಡುಬಿಂದು ಡಿ, ಬಿಸಿಯ ನಡುಬಿಂದು ಇ. ಇ ಮೇಲೆ ಕೈವಾರವಿಟ್ಟು 131.6 ಮಿ.ಮೀ. ತ್ರಿಜ್ಯದ ಕಂಸ ಎಳೆಯಿರಿ. ಅದು ತಳವನ್ನು ಕಡಿಯುವ ಜಾಗ ಜೆ. ಅಲ್ಲಿಂದ ಸಿ ಕಡೆಗೆ 100 ಮಿ.ಮೀ. ದೂರದಲ್ಲಿ ಕೆ. ಇ–ಜೆ ಸೇರಿಸಿ, ಆ ಗೆರೆಗೆ ಡಿಯಿಂದ ಒಂದು, ಕೆಯಿಂದ ಒಂದು ಲಂಬ ಇಳಿಸಿ. ಮೂರು ಚತುರ್ಭುಜ, ಒಂದು ಲಂಬಕೋನ ತ್ರಿಕೋನ ಸಿಗುತ್ತವೆ. ಕೀಲು ಡಿ, ಇ, ಕೆಗಳಲ್ಲಿ.

ಕಿರಣ ಸುಮಾರು 0.2 ಮಿ.ಮೀ. ಹಲಗೆಯನ್ನು ಸುಟ್ಟುಹಾಕುತ್ತದೆ. ಆದ್ದರಿಂದ ನಾಲ್ಕೂ ತುಂಡನ್ನು ಬೇರೆ ಬೇರೆಯಾಗಿ ಬಿಡಿಸಿ, “ಅಣ್ಣಾ, ಗೆರಿ ಮ್ಯಾಲೆ ಕಟ್ ಮಾಡಬ್ಯಾಡ್ರಿ, ಸುತ್ತ 0.1 ಹೊರಗ ಹಿಡೀರಿ” ಎಂದು ಹೇಳಬೇಕು. ಒಂದು ತ್ರಿಕೋನ ಬರೆದು ಒಳಗೆ ಮೂರು ಗೆರೆ ಎಳೆದುಕೊಟ್ಟರೆ ಸಂದು ಉಳಿಯುತ್ತದೆ.

ಕೀಲು ಈ ಸೆಟ್ಟಿನ ಎರಡನೇ ದೋಷ. ತ್ರಿಕೋನದ ಹೊರ ಅಂಚಿಗೆ ದಪ್ಪ ರೆಕ್ಸಿನ್ ಪಟ್ಟಿ ಅಂಟಿಸಿದ್ದಾರೆ. ತ್ರಿಕೋನವಾಗಿದ್ದಾಗ ಪಟ್ಟಿ ಹೊರಗೆ ಇರುವುದರಿಂದ ಅಡ್ಡಿಯಿಲ್ಲ. ಚೌಕ ಮಾಡಿದಾಗ ಅದೇ ಪಟ್ಟಿ ಎರಡು ತುಂಡುಗಳ ನಡುವೆ ಇಮ್ಮಡಿಯಾಗಿ ಮಡಚಿಕೊಂಡು ಬೆಣೆಯಂತೆ ಕೂರುತ್ತದೆ. ತ್ರಿಕೋನದ ಮೂರು 60 ಡಿಗ್ರಿ ಮೂಲೆಗಳು ಚೌಕದ ಒಳಗೆ ಒಂದೇ ಬಿಂದುವಿಗೆ ಬಂದು ಸೇರಬೇಕು. ಈ ಸೆಟ್ಟಿನಲ್ಲಿ ಅಲ್ಲೇ ಬಾಯಿ ಬಿಡುತ್ತದೆ. ರೆಕ್ಸಿನ್ ಕಿತ್ತು ಬುಕ್ ಬೈಂಡಿಂಗ್ ಬಟ್ಟೆ ಹಾಕಿ, ಕೀಲಿನ ಎರಡೂ ಬದಿಗೆ 20 ಮಿ.ಮೀ. ಬರುವಷ್ಟು. ನಕ್ಷೆಯಲ್ಲೇ ಆ 20 ಮಿ.ಮೀ. ಅಂಚನ್ನು ಬಟ್ಟೆಯ ದಪ್ಪದಷ್ಟು ಒಳಗೆ ತಂದರೆ ಸಂದೇ ಬರುವುದಿಲ್ಲ. ಅಂಟು ಫೆವಿಕಾಲ್ ಇರಲಿ, ಒಂದು ರಾತ್ರಿ ಒಣಗಲಿ. ರಬ್ಬರ್ ಅಂಟು ನಮ್ಮ ಏಪ್ರಿಲ್–ಮೇ ಬಿಸಿಲಿಗೆ ಮೆತ್ತಗಾಗಿ ಪಟ್ಟಿ ಜಾರುತ್ತದೆ.

ಇಷ್ಟು ಸೂಕ್ಷ್ಮ ನೋಡುವುದಕ್ಕೆ ಕಾರಣವಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ಪ್ರಾಧ್ಯಾಪಕರಾಗಿದ್ದ ಗ್ರೆಗ್ ಫ್ರೆಡರಿಕ್ಸನ್ ಆಲ್ಗಾರಿದಮ್ ಸಂಶೋಧನೆಯ ಜೊತೆಗೇ ಇಂಥ ಕತ್ತರಿಸಿ ಜೋಡಿಸುವ ಆಕೃತಿಗಳ ಬೆನ್ನು ಹತ್ತಿದವರು. 2002ರಲ್ಲಿ ಕೀಲು ಹಾಕಿದ ಪಝಲ್‌ಗಳ ಬಗ್ಗೆಯೇ ಒಂದು ಪುಸ್ತಕ ತಂದರು. ತುಂಡು ಆದಷ್ಟು ಕಡಿಮೆ ಇರಬೇಕು, ಜೋಡಣೆ ಕಣ್ಣಳತೆಯಲ್ಲಿ ಅಲ್ಲ, ಲೆಕ್ಕದಲ್ಲಿ ಸರಿಹೊಂದಬೇಕು: ಈ ಆಟದ ಜೀವವೇ ಅದು. ತಪ್ಪು ನಕ್ಷೆಯ ಆಯತಕ್ಕೂ ಕ್ಷೇತ್ರಫಲ ಅದೇ 173.2 ಚದರ ಸೆಂ.ಮೀ. ಬರುವುದರಿಂದ ಶಾಲೆಯಲ್ಲಿ ಮಾಸ್ತರರಿಗೂ ಅನುಮಾನ ಬರುವುದಿಲ್ಲ.

ಸಿದ್ಧ ಸೆಟ್ ಕೊಳ್ಳಬೇಡಿ. ಮೇಲಿನ ಅಳತೆಗಳ ಡಿಎಕ್ಸ್‌ಎಫ್ ಫೈಲ್ (ಲೇಸರ್ ಯಂತ್ರಕ್ಕೆ ಕೊಡುವ ನಕ್ಷೆ) ಮಾಡಿಕೊಂಡು ಅದೇ ಅಂಗಡಿಗೆ ಹೋಗಿ. ಕೈಗೆ ಬಂದ ಮೇಲೆ, ಬಟ್ಟೆ ಅಂಟಿಸುವ ಮುಂಚೆಯೇ, ತುಂಡುಗಳನ್ನು ಚೌಕವಾಗಿ ಜೋಡಿಸಿ ಎರಡು ಬಾಹು ಅಳೆದು ನೋಡಿ.