ಪಾತ್ರವರ್ಗ ಬದಲಾದ ಮೇಲೂ ಉಳಿಯುವ ಧಾರಾವಾಹಿಗಳು: ನೋಡಿ ಮಾಡಿದ ಒಂದು ಹೋಲಿಕೆ

ಹಲವು ವರ್ಷ ನಡೆಯುವ ಧಾರಾವಾಹಿಯೊಂದು ತನ್ನ ಮೊದಲ ಪಾತ್ರವರ್ಗವನ್ನು ಬಹುಪಾಲು ಕಳೆದುಕೊಂಡ ಮೇಲೂ ನಮ್ಮನ್ನು ಹಿಡಿದಿಡಬಲ್ಲದೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ತುಮಕೂರಿನ ನಮ್ಮ ಮನೆಯಲ್ಲಿ ಸಂಜೆಯ ಧಾರಾವಾಹಿಗಳನ್ನು ಅಮ್ಮನ ಜೊತೆಗೆ, ಇಂಗ್ಲಿಷ್ ಸರಣಿಗಳನ್ನು ರಾತ್ರಿ ಊಟವಾದ ಮೇಲೆ, ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದ್ದೇನೆ. ನಟರು ಬಿಟ್ಟುಹೋಗುವುದು ಎಲ್ಲ ಕಡೆಯೂ ಇರುವುದೇ. ಅವರು ಹೋದದ್ದು ಉಳಿದ ಪಾತ್ರಗಳಿಗೆ ತಟ್ಟುತ್ತದೆಯೇ ಇಲ್ಲವೇ ಎಂಬುದರಲ್ಲಿ ಈ ಸರಣಿಗಳ ಏಳುಬೀಳು ಅಡಗಿದೆ ಎಂದು ನನಗೆ ದೃಢವಾಗಿ ಅನ್ನಿಸಿದೆ.

ಮೊದಲಿಗೆ ‘ದಿ ಕ್ರೌನ್’. 2016ರಿಂದ 2023ರವರೆಗೆ ಆರು ಸೀಸನ್‌ಗಳಲ್ಲಿ ಬಂದ ಈ ಸರಣಿಯಲ್ಲಿ ಎರಡೆರಡು ಸೀಸನ್‌ಗೊಮ್ಮೆ ಎಲ್ಲ ಮುಖ್ಯ ನಟರೂ ಬದಲಾಗುತ್ತಾರೆ. ರಾಣಿ ಎಲಿಜಬೆತ್ ಆಗಿ ಮೊದಲು ಕ್ಲೇರ್ ಫಾಯ್, ಆಮೇಲೆ ಒಲಿವಿಯಾ ಕೋಲ್ಮನ್, ಕೊನೆಗೆ ಇಮೆಲ್ಡಾ ಸ್ಟಾಂಟನ್ ಬರುತ್ತಾರೆ. ನಮ್ಮ ಜಿಲ್ಲೆಯವರಿಗೆ ಇದು ಹೊಸತೇನೂ ಅಲ್ಲ. ಗುಬ್ಬಿ ಕಂಪನಿಯ ನೆನಪು ಇನ್ನೂ ಮಾಸದ ಈ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಕುರುಕ್ಷೇತ್ರ ನಾಟಕ ಕಟ್ಟಿದರೆ, ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಒಂದೇ ರಾತ್ರಿಯಲ್ಲಿ ಪಾತ್ರ ಕೈ ಬದಲಾಗುತ್ತದೆ. ಕಿರೀಟವೂ ಹಾರ್ಮೋನಿಯಂ ಮೇಷ್ಟರ ಶ್ರುತಿಯೂ ಅದೇ ಇದ್ದರೆ ಸಾಕು, ಎದುರಿಗೆ ಕೂತವರಿಗೆ ಅವನು ಕೃಷ್ಣನೇ. ‘ದಿ ಕ್ರೌನ್’ ನಂಬಿದ್ದೂ ಇಂಥದೇ ಒಪ್ಪಂದವನ್ನು. ಮೂರನೇ ಸೀಸನ್ನಿನ ಆರಂಭದಲ್ಲಿ ಅಂಚೆಚೀಟಿಗಾಗಿ ಬರೆದ ರಾಣಿಯ ಹೊಸ ಚಿತ್ರವನ್ನು ಹಳೆಯದರ ಪಕ್ಕದಲ್ಲಿಟ್ಟು ತೋರಿಸಿ, ವಯಸ್ಸಾಗಿದೆ, ಒಪ್ಪಿಕೊಳ್ಳಿ ಎಂದು ಪ್ರೇಕ್ಷಕರಿಗೂ ರಾಣಿಗೂ ಒಟ್ಟಿಗೇ ಹೇಳುವ ದೃಶ್ಯ ಬಹಳ ಜಾಣತನದ್ದು. ಆದರೂ ಒಂದು ಕೊರತೆ ಉಳಿಯುತ್ತದೆ. ರಾಣಿಯೊಬ್ಬಳೇ ಅಲ್ಲದೆ ಪತಿ, ತಂಗಿ, ಪ್ರಧಾನಿ ಎಲ್ಲರೂ ಒಟ್ಟಿಗೇ ಹೊಸಬರಾಗುವುದರಿಂದ, ಮ್ಯಾಟ್ ಸ್ಮಿತ್‌ನ ಚಂಚಲ ಫಿಲಿಪ್ ಮತ್ತು ಟೋಬಿಯಾಸ್ ಮೆಂಜೀಸ್‌ನ ಗಂಭೀರ ಫಿಲಿಪ್ ಒಬ್ಬನೇ ಮನುಷ್ಯ ಎಂದು ಒಪ್ಪುವುದಕ್ಕೆ ನನಗೆ ಕೆಲವು ಕಂತುಗಳೇ ಬೇಕಾದವು. ಚರಿತ್ರೆ ನಮಗೆ ಮೊದಲೇ ಗೊತ್ತಿರುವುದು ಈ ಸರಣಿಗೆ ದೊಡ್ಡ ಆಸರೆ. ಕಟ್ಟುಕಥೆಯಾಗಿದ್ದರೆ ಇದು ನಿಲ್ಲುತ್ತಿರಲಿಲ್ಲ.

ನಮ್ಮ ಕಡೆಯ ಧಾರಾವಾಹಿಗಳ ದಾರಿ ಬೇರೆ. 2012ರಲ್ಲಿ ಆರಂಭವಾದ ‘ಪುಟ್ಟಗೌರಿ ಮದುವೆ’ಯಲ್ಲಿ ಬಾಲಕಿ ಗೌರಿಯಾಗಿದ್ದ ಸಾನ್ಯಾ ಅಯ್ಯರ್ ಅವರ ಜಾಗಕ್ಕೆ, ಕಥೆ ವರ್ಷಗಳನ್ನು ದಾಟಿದಾಗ ರಂಜನಿ ರಾಘವನ್ ಬಂದರು. ಬಾಲ್ಯವಿವಾಹದ ಕಥೆಯಾದ್ದರಿಂದ ಮಗು ದೊಡ್ಡವಳಾಗಲೇಬೇಕಿತ್ತು, ಹಾಗಾಗಿ ಆ ಬದಲಾವಣೆ ಕಥೆಯ ಒಳಗಿನಿಂದಲೇ ಹುಟ್ಟಿತು. ಅಮ್ಮ ಹೊಸ ಗೌರಿಯನ್ನು ಬೇಗನೇ ಮನೆಯವಳನ್ನಾಗಿ ಮಾಡಿಕೊಂಡರು. ಹಿಂದಿಯ ‘ಯೇ ರಿಶ್ತಾ ಕ್ಯಾ ಕೆಹಲಾತಾ ಹೈ’ಯ ವಿಷಯದಲ್ಲಿ ಈ ಮಾತು ಹೇಳಲಾರೆ. 2009ರಲ್ಲಿ ಹಿನಾ ಖಾನ್ ಅವರ ಅಕ್ಷರಾಳಿಂದ ಶುರುವಾಗಿ, ಮಗಳು ನಾಯ್ರಾಳಾಗಿ ಶಿವಾಂಗಿ ಜೋಶಿ, ಅವಳ ಮಗಳಾಗಿ ಪ್ರಣಾಲಿ ರಾಠೋಡ್, ಮುಂದಿನ ಪೀಳಿಗೆಗೆ ಸಮೃದ್ಧಿ ಶುಕ್ಲಾ ಎಂದು ಕಥೆ ಸಾಗಿದೆ. ಮಗಳ ಕಥೆಗೆ ತಾಯಿಯ ಕಥೆ ಬೇರಿನಂತಾಗುವುದು ಸುಂದರವಾದ ಕಲ್ಪನೆಯೇ, ಅಕ್ಷರಾಳಿಂದ ನಾಯ್ರಾಳಿಗೆ ದಾಟುವಾಗ ಅದು ಕೆಲಸವನ್ನೂ ಮಾಡುತ್ತದೆ. ಆದರೆ ಲೀಪ್ ಎಂದು ಕರೆಯುವ ಈ ಕಾಲದ ನೆಗೆತ ಮತ್ತೆ ಮತ್ತೆ ಬಂದಾಗ, ನಾವು ವರ್ಷಗಟ್ಟಲೆ ಸಾಕಿಕೊಂಡ ದುಃಖಗಳು ಒಂದೇ ಸಂಜೆಯಲ್ಲಿ ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ಆಗಿಬಿಡುತ್ತವೆ. ತಾಯಿ ಸತ್ತ ಮನೆಯಲ್ಲಿ ಮರುದಿನದ ಬೆಳಗು ಹೇಗಿತ್ತು ಎಂಬುದನ್ನು ನೋಡಲು ನಾನು ಕಾದಿದ್ದೆ. ಕಥೆ ಆ ಬೆಳಗನ್ನೇ ಹಾರಿ ಮುಂದೆ ಹೋಯಿತು.

ಆ ಬೆಳಗನ್ನು ತಾಳ್ಮೆಯಿಂದ ತೋರಿಸಿದ್ದು ‘ಇ.ಆರ್.’ ಶಿಕಾಗೋದ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ಘಟಕದಲ್ಲಿ ನಡೆಯುವ ಈ ಸರಣಿ 1994ರಿಂದ 2009ರವರೆಗೆ ಹದಿನೈದು ಸೀಸನ್, 331 ಕಂತು ನಡೆಯಿತು. ಜಾರ್ಜ್ ಕ್ಲೂನಿ 1999ರಲ್ಲಿ, ಎರಿಕ್ ಲಾ ಸಾಲ್ 2001ರಲ್ಲಿ, ಆಂಟನಿ ಎಡ್ವರ್ಡ್ಸ್ 2002ರಲ್ಲಿ, ನೋವಾ ವೈಲ್ 2005ರಲ್ಲಿ ಹೊರಟರು. ಕೊನೆಯ ಸೀಸನ್ನಿನ ಹೊತ್ತಿಗೆ ಮೊದಲ ಮುಖ್ಯ ನಟರಲ್ಲಿ ಒಬ್ಬರೂ ಕಾಯಂ ಆಗಿ ಉಳಿದಿರಲಿಲ್ಲ. ಆದರೆ ಇಲ್ಲಿ ಎಲ್ಲರೂ ಒಟ್ಟಿಗೆ ಹೋಗುವುದಿಲ್ಲ, ಒಬ್ಬೊಬ್ಬರಾಗಿ ಹೋಗುತ್ತಾರೆ, ಉಳಿದವರು ಆ ಖಾಲಿ ಜಾಗವನ್ನು ಸುತ್ತಿಕೊಂಡು ಕೆಲಸ ಮಾಡುತ್ತಾರೆ. ಮಿದುಳಿನ ಗಡ್ಡೆಯಿಂದ ಸಾಯುವ ಡಾಕ್ಟರ್ ಗ್ರೀನ್‌ನ ಪತ್ರವನ್ನು ಸಹೋದ್ಯೋಗಿಗಳೆದುರು ಓದುವವನು ಕಾರ್ಟರ್. ಮೊದಲ ಕಂತಿನಲ್ಲಿ ಅವನು ಏನೂ ತಿಳಿಯದ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ. ಈ ಘಟಕದ ನಡೆ ಹೇಗಿರಬೇಕೆಂದು ತೀರ್ಮಾನಿಸುವವನು ನೀನು ಎಂದು ಅದೇ ಮೊದಲ ಕಂತಿನಲ್ಲಿ ಮುಖ್ಯಸ್ಥನು ಗ್ರೀನ್‌ಗೆ ಹೇಳಿದ ಮಾತನ್ನು, ಗ್ರೀನ್ ಹೊರಡುವಾಗ ಕಾರ್ಟರ್‌ಗೆ ಒಪ್ಪಿಸುತ್ತಾನೆ, ವರ್ಷಗಳ ನಂತರ ಕಾರ್ಟರ್ ಅದನ್ನು ಇನ್ನೊಬ್ಬ ಕಿರಿಯನಿಗೆ ಒಪ್ಪಿಸುತ್ತಾನೆ. ಯಾರ ಮುಖವೂ ಉಳಿಯದಿದ್ದರೂ ಜವಾಬ್ದಾರಿ ಉಳಿಯುತ್ತದೆ. ಕೊನೆಯ ಕಂತಿನಲ್ಲಿ ಗ್ರೀನ್‌ನ ಮಗಳು ವೈದ್ಯಕೀಯ ಓದಲು ಬಯಸಿ ಅದೇ ಆಸ್ಪತ್ರೆಗೆ ಬಂದಾಗ, ಈ ಸರಣಿಯನ್ನು ಆರಂಭದಿಂದ ನೋಡಿದವರ ಗಂಟಲು ಕಟ್ಟದೆ ಇರದು. ಪೀಳಿಗೆ ಬದಲಾಗುವುದು ಎಂದರೆ ಇದು. ‘ಯೇ ರಿಶ್ತಾ’ ಬಯಸಿದ್ದೂ ಇದನ್ನೇ, ಆದರೆ ಅದಕ್ಕೆ ಬೇಕಾದ ಸಮಯವನ್ನು ಅದು ಕೊಡಲಿಲ್ಲ. ‘ಇ.ಆರ್.’ನ ಕಡೆಯ ಕೆಲವು ಸೀಸನ್‌ಗಳು ಸೊರಗಿವೆ ಎಂಬುದು ನಿಜ. ಆದರೂ ನನ್ನ ಮಟ್ಟಿಗೆ ಈ ಹೋಲಿಕೆಯಲ್ಲಿ ಮೇಲುಗೈ ಇದರದೇ.

ಬ್ರಿಸ್ಟಲ್ ನಗರದ ಹದಿಹರೆಯದವರ ‘ಸ್ಕಿನ್ಸ್’ ಎರಡು ವರ್ಷಕ್ಕೊಮ್ಮೆ ಇಡೀ ಗೆಳೆಯರ ಗುಂಪನ್ನೇ ಬದಲಿಸಿತು. ಕಾಲೇಜು ಮುಗಿದರೆ ಗುಂಪು ಚದುರುವುದು ಸಹಜವಾದ್ದರಿಂದ ತರ್ಕ ಸರಿಯಾಗಿಯೇ ಇದೆ. ಮೊದಲ ಗುಂಪಿನ ಹುಡುಗನೊಬ್ಬನ ತಂಗಿ ಎಫಿಯನ್ನು ಎರಡನೆಯ ಗುಂಪಿಗೆ ಸೇತುವೆಯಾಗಿ ಇಟ್ಟಿದ್ದರಿಂದ ಆ ದಾಟುವಿಕೆ ಚೆನ್ನಾಗಿ ಆಯಿತು, ಅಂಥ ಸೇತುವೆಯಿಲ್ಲದ ಮೂರನೆಯ ಗುಂಪು ನನಗೆ ಅಪರಿಚಿತವಾಗಿಯೇ ಉಳಿಯಿತು. ಮಕ್ಕಳ ಜೊತೆ ಕೂತು ನೋಡುವ ಸರಣಿ ಅದಲ್ಲ.

‘ಲಾ ಅಂಡ್ ಆರ್ಡರ್’ ಇವೆಲ್ಲಕ್ಕೂ ಎದುರು ದಿಕ್ಕಿನದು. 1990ರಲ್ಲಿ ಆರಂಭವಾದ ಇದರಲ್ಲಿ ಮೊದಲರ್ಧ ಪೊಲೀಸರ ತನಿಖೆ, ಉಳಿದರ್ಧ ಸರ್ಕಾರಿ ವಕೀಲರ ವಾದ. ಒಂದು ಕಂತಿಗೆ ಒಂದು ಪ್ರಕರಣ. ಮೊದಲ ತಂಡದಲ್ಲಿ ಕೊನೆಯವರೆಗೆ ನಿಂತ ಸ್ಟೀವನ್ ಹಿಲ್ 2000ದಲ್ಲಿ ಹೊರಟರು, ಆಮೇಲೂ ಹತ್ತು ವರ್ಷ ಸರಣಿ ನಿಲ್ಲದೆ ನಡೆಯಿತು. ಪಾತ್ರಗಳ ಮನೆ, ಸಂಸಾರಗಳ ವಿಷಯ ಬಹಳ ಕಡಿಮೆ ಬರುವುದರಿಂದ ಯಾರು ಬಂದರೂ ಹೋದರೂ ಕಥೆಯ ಚೌಕಟ್ಟು ಅಲುಗುವುದಿಲ್ಲ. ನಟನಿಗಾಗಿ ನೋಡುವವರಿಗೆ ಇದು ರುಚಿಸದಿರಬಹುದು. ಆದರೆ ಜೆರ್ರಿ ಓರ್ಬಾಕ್ 1992ರಿಂದ 2004ರವರೆಗೆ ಮಾಡಿದ ಪತ್ತೇದಾರ ಬ್ರಿಸ್ಕೋ ಪಾತ್ರ, ತನ್ನ ಬಗ್ಗೆ ಒಂದೆರಡು ಮಾತಷ್ಟೇ ಆಡಿಯೂ ಆಪ್ತನಾಗಿಬಿಡುತ್ತದೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬಿಡುವಿಲ್ಲದವರಿಗೆ, ನಡುವೆ ವಾರಗಟ್ಟಲೆ ನಿಲ್ಲಿಸಿದರೂ ಎಲ್ಲಿಂದ ಬೇಕಾದರೂ ಮತ್ತೆ ಹಿಡಿಯಬಹುದಾದ ಸರಣಿ ಇದೊಂದೇ. 2022ರಲ್ಲಿ ಮತ್ತೆ ಆರಂಭವಾಗಿರುವುದರಿಂದ ಹಳೆಯದನ್ನು ನೋಡದವರು ಅಲ್ಲಿಂದಲೇ ತೊಡಗಬಹುದು. ‘ಇ.ಆರ್.’ ಅನ್ನು ಮಾತ್ರ ಮೊದಲ ಕಂತಿನಿಂದಲೇ ನೋಡಬೇಕು, ಒಂದು ಕಂತನ್ನೂ ಬಿಡಬಾರದು.